ಎಡಗಡೆಯ ಸದ್ದು

ನಾಸಿಕ್, ೧೨ ಅಕ್ಟೋಬರ್ ೧೯೬೯, ಭಾನುವಾರ

ಹೋದ ವಾರ ರಕ್ತದೊತ್ತಡ ನೋಡಿದ ಡಾಕ್ಟರು ಹೇಳಿದರು: “ಸಿಟ್ಟು ಬಂದಾಗ ಕೂಗಾಡಬೇಡಿ ಶೇಟ್‌ಜೀ, ಎಲ್ಲಾದರೂ ಬರೆದಿಡಿ.” ಹಾಗಾಗಿ ಈ ಪುಸ್ತಕ. ಇವತ್ತಿನ ಸಿಟ್ಟು ಕಾರಿನ ಮೇಲೆ.

ಬೆಳಿಗ್ಗೆ ಅತ್ತೆಯನ್ನು ರಾಮಕುಂಡಕ್ಕೆ ಕರೆದುಕೊಂಡು ಹೊರಟೆ. ಅವರ ಮೊಣಕಾಲು ಈ ಮಳೆಗಾಲದಲ್ಲಿ ಪೂರ್ತಿ ಬಿಗಿದುಕೊಂಡಿದೆ. ಹಿಂದಿನ ಸೀಟಿನಲ್ಲಿ ಮಡಚಿ ಕೂರಲಾಗುವುದಿಲ್ಲ. ಅದಕ್ಕೆ ಮೊದಲ ಸಲ ಮುಂದೆ, ನನ್ನ ಎಡಕ್ಕೆ, ಕಾಲು ಚಾಚಿ ಕೂತರು. ಅತ್ತೆ ಸಣ್ಣ ಆಳಲ್ಲ. ಅವರು ಕೂತದ್ದೇ ನಮ್ಮ ಹಳೆಯ ಫಿಯೆಟ್ಟು ಆ ಕಡೆಗೆ ವಾಲಿತು. ಬೀದಿ ದಾಟಿ ಮೊದಲ ಹೊಂಡಕ್ಕೆ ಚಕ್ರ ಇಳಿದದ್ದೇ ತಡ, ಕೆಳಗಿನಿಂದ ‘ಖಟಕ್’ ಎಂದು ಸದ್ದು. ಯಾರೋ ಸುತ್ತಿಗೆಯಿಂದ ಒಂದು ಏಟು ಹಾಕಿದ ಹಾಗೆ.

“ಇದೆಂತ ಶಬ್ದ ಮೋಹನದಾಸರೆ?” ಅತ್ತೆ ಕೇಳಿದರು.

“ರಸ್ತೆ ಸರಿ ಇಲ್ಲ ಅತ್ತೆ.”

ಇನ್ನೊಂದು ಹೊಂಡ. ಖಟಕ್.

“ರಸ್ತೆ ಹೀಗೆ ಮಾತಾಡ್ತದಾ?”

ಹೋಗಿ ಬರುವಷ್ಟರಲ್ಲಿ ಹದಿನಾಲ್ಕು ಸಲ.

ಇದು ಬೇರೆ ದಿನವಾಗಿದ್ದರೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅತ್ತೆ ಆರು ತಿಂಗಳು ನಮ್ಮಲ್ಲಿ, ಆರು ತಿಂಗಳು ಔರಂಗಾಬಾದಿನಲ್ಲಿ ಮಗನ ಮನೆಯಲ್ಲಿ ಇರುತ್ತಾರೆ. ಈ ತಿಂಗಳ ಕೊನೆಗೆ ಅಲ್ಲಿಗೆ ಹೋಗುವ ಸರದಿ. ಇಷ್ಟು ವರ್ಷ ಮನಮಾಡಿನಲ್ಲಿ ರೈಲು ಹತ್ತಿಸಿದರೆ ನನ್ನ ಕೆಲಸ ಮುಗಿಯುತ್ತಿತ್ತು. ಈಗ ಅವರಿಗೆ ರೈಲಿನ ಮೆಟ್ಟಿಲು ಹತ್ತಲಾಗುವುದಿಲ್ಲ. ಕಾರಿನಲ್ಲಿ ಬಾಗಿಲಿಗೇ ಮುಟ್ಟಿಸಬೇಕು.

ಆ ಮಗನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಡಾಕ್ಟರು ಸಿಟ್ಟನ್ನು ಬರೆಯಲು ಹೇಳಿದ್ದು, ಹೆಚ್ಚಿಸಲು ಅಲ್ಲ. ನನ್ನ ಹೆಂಡತಿ ಜಲಜಾಕ್ಷಿಯ ತಮ್ಮ, ಒಂದು ಕಾಲದಲ್ಲಿ ನಾನು ನಡೆಸುವ ಈ ಹೋಟೆಲಿನಲ್ಲೂ ಈ ಕಾರಿನಲ್ಲೂ ನನ್ನ ಪಾಲುದಾರ. ಮೂರು ವರ್ಷದಿಂದ ನಮಗೆ ಮಾತಿಲ್ಲ. ಅಷ್ಟು ಸಾಕು.

೧೫ ಅಕ್ಟೋಬರ್, ಬುಧವಾರ

ಪಂಚವಟಿಯ ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಒಂದು ಸುತ್ತು ಓಡಿಸಿ ಬಂದು, “ಕಾಹೀ ನಾಹೀ ಶೇಟ್, ಗಾಡಿ ಮಸ್ತ್ ಆಹೆ” ಅಂದ. ಏನೂ ಆಗಿಲ್ಲವಂತೆ. ನಾನು ಓಡಿಸಿ ತೋರಿಸಿದೆ. ಹುಡುಕಿ ಹುಡುಕಿ ಹೊಂಡಕ್ಕೇ ಇಳಿಸಿದೆ. ಒಂದು ಸದ್ದಿಲ್ಲ. ಅವನು ನನ್ನನ್ನು ಕರುಣೆಯಿಂದ ನೋಡಿದ. ಆದರೂ ನನ್ನ ಸಮಾಧಾನಕ್ಕೆ ಮುಂದಿನ ಎರಡೂ ಶಾಕ್‌ಅಬ್ಸಾರ್ಬರ್ ಬದಲಾಯಿಸಿ ಕಳಿಸಿದ.

ಸಂಜೆ ಅತ್ತೆಯನ್ನು ಕೂರಿಸಿಕೊಂಡು ಹೊರಟೆ. ಬೀದಿಯ ತಿರುವಿನಲ್ಲೇ ಖಟಕ್.

“ಬಂತು ನೋಡಿ,” ಎಂದರು ಅತ್ತೆ, ಕಾದು ಕೂತವರ ಹಾಗೆ.

೧೬ ಅಕ್ಟೋಬರ್

ಸದ್ದು ಇದೆ.

೧೯ ಅಕ್ಟೋಬರ್, ಭಾನುವಾರ

ಒಂದು ವಿಷಯ ಹೊಳೆಯಿತು. ನಾನೊಬ್ಬನೇ ಓಡಿಸಿದರೆ ಸದ್ದಿಲ್ಲ. ಅತ್ತೆ ಕೂತರೆ ಇದೆ. ಅಂದರೆ ಎಡಗಡೆಗೆ ಭಾರ ಬಿದ್ದಾಗ ಮಾತ್ರ ಆ ಸದ್ದು ಹೊರಡುತ್ತದೆ. ಪರೀಕ್ಷೆ ಮಾಡೋಣವೆಂದು ಉಗ್ರಾಣದಿಂದ ಒಂದು ಮೂಟೆ ಅಕ್ಕಿ ತರಿಸಿ ಮುಂದಿನ ಸೀಟಿನಲ್ಲಿ ಕೂರಿಸಿ, ಬೀಳದ ಹಾಗೆ ಹಗ್ಗದಿಂದ ಕಟ್ಟಿದೆ. ಜಲಜಾಕ್ಷಿ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದಳು. ಒಳಗೆ ನಕ್ಕದ್ದು ಬೀದಿಗೆ ಕೇಳಿಸಿತು.

ಅಕ್ಕಿಗೆ ಗಂಗಾಪುರ ರಸ್ತೆ ತೋರಿಸಿಕೊಂಡು ಬಂದ ಮೊದಲ ಮನುಷ್ಯ ನಾನೇ ಇರಬೇಕು. ಆದರೆ ನನ್ನ ಊಹೆ ಸರಿ. ಸದ್ದು ಬಂತು! ಆರು ಸಲ ಬಂತು. ಸ್ಟೇರಿಂಗ್ ಹಿಡಿದು ಕುಣಿಯುವಷ್ಟು ಸಂತೋಷವಾಯಿತು.

ಅಷ್ಟೇ. ಎಲ್ಲಿಂದ ಬಂತೆಂದು ಸ್ಟೇರಿಂಗಿನ ಹಿಂದೆ ಕೂತವನಿಗೆ ಗೊತ್ತಾಗುವುದಿಲ್ಲ. ಎಡಗಡೆ ಕೂತದ್ದು ಅಕ್ಕಿ. ಅದು ಹೇಳುವುದಿಲ್ಲ.

೨೦ ಅಕ್ಟೋಬರ್

ಮಧ್ಯಾಹ್ನ ಹೋಟೆಲು ಸ್ವಲ್ಪ ಖಾಲಿಯಾದಾಗ ಜಲಜಾಕ್ಷಿ ಬಟಾಟೆ ಸುಲಿಯುತ್ತ ಹೇಳಿದಳು, “ಒಂದು ಮಾತು ಹೇಳ್ಲಾ? ಸಿಟ್ಟು ಮಾಡ್ಬಾರ್ದು.”

“ಹೇಳು.”

“ಸುಧಾಕರ ಇದ್ದಿದ್ರೆ ಆ ಶಬ್ದ ಎಲ್ಲಿಂದ ಅಂತ ಒಂದೇ ದಿನದಲ್ಲಿ ಹೇಳ್ತಿದ್ದ.”

ನಾನು ಪೇಪರು ಎತ್ತಿ ಮುಖಕ್ಕೆ ಅಡ್ಡ ಹಿಡಿದೆ.

ಸತ್ಯ ಬರೆಯುವುದಾದರೆ, ಹೇಳುತ್ತಿದ್ದ. ೬೪ರಲ್ಲಿ ಸಿನ್ನರಿನ ದಾರಿಯಲ್ಲಿ ಎಂಜಿನ್ನಿನಿಂದ ಗುಂಯ್ ಎಂದು ಬರುತ್ತಿದ್ದ ಸದ್ದು ಮೂವರು ಮೆಕ್ಯಾನಿಕರಿಗೆ ಸಿಕ್ಕಿರಲಿಲ್ಲ. ಅವನು ಒಂದು ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗಿಟ್ಟು, ತುದಿಯನ್ನು ಅಲ್ಲಲ್ಲಿ ಮುಟ್ಟಿಸಿ ನೋಡಿ, “ಡೈನಮೋದ ಬೇರಿಂಗ್” ಅಂದ. ಅದೇ ಆಗಿತ್ತು.

ಆದರೆ ಕಿವಿ ಚೆನ್ನಾಗಿದ್ದರೆ ನಾಲಗೆಯೂ ಚೆನ್ನಾಗಿರುತ್ತದೆಂದು ಅರ್ಥವಲ್ಲ. ಇಲ್ಲಿಯ ಗಿರಾಕಿಗಳಿಗೆ ಸಿಹಿ ಬೇಕು, ಸಾಂಬಾರಿಗೆ ಇನ್ನಷ್ಟು ಬೆಲ್ಲ ಹಾಕೋಣ ಎಂದು ಅವನು ಹಟ ಹಿಡಿದ. ನಾನು ಆಗದು ಅಂದೆ. ಒಂದು ಬೆಳಿಗ್ಗೆ ನನ್ನನ್ನು ಕೇಳದೆ ಬೇರೆ ಪಾತ್ರೆಯಲ್ಲಿ ಮಾಡಿಯೇ ಬಿಟ್ಟ. ಮಾತಿಗೆ ಮಾತು ಬೆಳೆಯಿತು, ಪಾತ್ರೆ ಮೋರಿಗೆ ಹೋಯಿತು. ಸಪ್ಲೈಯರುಗಳು, ಗಿರಾಕಿಗಳು ಎಲ್ಲ ನೋಡುತ್ತಿದ್ದರು. ಮರುದಿನ ಅವನು ಟ್ರಂಕು ಹಿಡಿದು ಎಸ್.ಟಿ. ಬಸ್ಸು ಹತ್ತಿದ. ಔರಂಗಾಬಾದಿನಲ್ಲಿ ಸ್ಟೇಷನ್ ಹತ್ತಿರ ಈಗ ಅವನದೇ ಹೋಟೆಲು.

ಇದಿಷ್ಟೇ ನಡೆದದ್ದು.

ಔರಂಗಾಬಾದ್, ೨೬ ಅಕ್ಟೋಬರ್, ಭಾನುವಾರ

ಈ ಊರಿನ ಹೆಸರನ್ನು ತಲೆಬರಹದಲ್ಲಿ ಬರೆಯಬೇಕಾಗಿ ಬರುತ್ತದೆಂದು ಬೆಳಿಗ್ಗೆ ಅಂದುಕೊಂಡಿರಲಿಲ್ಲ.

ಐದು ಗಂಟೆಗೇ ಹೊರಟೆವು, ನಾನು ಮತ್ತು ಅತ್ತೆ. ಹೋಟೆಲನ್ನು ಜಲಜಾಕ್ಷಿಗೆ ಒಪ್ಪಿಸಿದೆ. ನನ್ನ ಯೋಜನೆ ಸರಳವಾಗಿತ್ತು: ಬಾಗಿಲಲ್ಲಿ ಅತ್ತೆಯನ್ನು ಇಳಿಸುವುದು, ಎಂಜಿನ್ ನಿಲ್ಲಿಸದೆ ಹಾಗೇ ತಿರುಗಿಸಿಕೊಂಡು ಬರುವುದು.

ನಿಫಾಡಿನವರೆಗೆ ಪರವಾಗಿರಲಿಲ್ಲ. ಅಲ್ಲಿಂದಾಚೆ ಮಳೆಗೆ ಕಿತ್ತುಹೋದ ರಸ್ತೆ. ಅತ್ತೆ ಜಪಮಾಲೆ ತೆಗೆದು ಕೂತರು. ದೇವರ ನಾಮವೆಂದುಕೊಂಡೆ. ಯೇವಲಾ ಬಂದಾಗ, “ಒಂದು ಸುತ್ತು ಆಯ್ತು” ಎಂದರು. ಒಂದೊಂದು ಖಟಕ್‌ಗೆ ಒಂದೊಂದು ಮಣಿ ಸರಿಸುತ್ತಿದ್ದರಂತೆ! ವೈಜಾಪುರ ದಾಟಿದ ಮೇಲೆ ಮಣಿ ಸರಿಸಲು ಕೈಗೆ ಪುರಸೊತ್ತಿರಲಿಲ್ಲ. ಹೊಂಡ ಬಂದಾಗಲೆಲ್ಲ ಸ್ಟೇರಿಂಗ್ ಎಡಕ್ಕೆ ಎಳೆಯತೊಡಗಿತು. ಇಪ್ಪತ್ತು ಮೈಲು ವೇಗ ದಾಟಲು ನನಗೆ ಧೈರ್ಯವಾಗಲಿಲ್ಲ. ಒಂದು ಕಡೆ ಹೊಂಡಗಳ ನಡುವೆ ತೆವಳುತ್ತಿದ್ದಾಗ ಎತ್ತಿನ ಗಾಡಿಯವನೊಬ್ಬ ನಮ್ಮನ್ನು ಹಿಂದೆ ಹಾಕಿ ಹೋದ. ಹೋಗುವಾಗ ಅತ್ತೆಗೆ ನಮಸ್ಕಾರ ಮಾಡಿದ.

ಊರು ಮುಟ್ಟುವಾಗ ಎರಡು ಗಂಟೆ. ಅತ್ತೆಯ ಮಗ ತನ್ನ ಹೋಟೆಲಿನ ಬಾಗಿಲಲ್ಲೇ ನಿಂತಿದ್ದ. ಮೊದಲಿಗಿಂತಲೂ ದಪ್ಪವಾಗಿದ್ದಾನೆ. ಕಾರು ಗಲ್ಲಿಗೆ ತಿರುಗಿದ್ದನ್ನು ಕಿವಿಗೊಟ್ಟು ಕೇಳಿದ, ಬಂದು ತಾಯಿಯನ್ನು ಇಳಿಸಿದ, ನಂತರ ನನ್ನ ಕಡೆ ನೋಡದೆ ಎಡಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತ. ಎಂಜಿನ್ ಓಡುತ್ತಲೇ ಇತ್ತು.

“ಅಮ್ಮಾ, ಈ ಗಾಡಿ ಇವತ್ತು ವಾಪಸು ಹೋಗುವ ಸ್ಥಿತಿಯಲ್ಲಿಲ್ಲ ಅಂತ ಹೇಳು.”

“ಕತ್ತಲೆಯಾಗುವ ಮೊದಲು ನಾನು ಯೇವಲಾ ದಾಟಬೇಕು ಅಂತ ಹೇಳಿ ಅತ್ತೆ,” ಎಂದೆ.

ಅತ್ತೆ ಅವನ ಹೆಗಲು ಹಿಡಿದು ನಿಂತಿದ್ದರು. “ನನ್ನ ಕಾಲು ನೋಯ್ತದೆ. ನಿಮ್ಮಿಬ್ಬರ ನಡುವೆ ನಿಂತು ಟಪಾಲು ಹಂಚುವ ಕೆಲಸ ನನ್ನಿಂದಾಗುದಿಲ್ಲ,” ಎಂದವರು ಕಿಟಕಿಯೊಳಗೆ ಕೈ ಹಾಕಿ, ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ನಡೆದರು. ಎಪ್ಪತ್ತೊಂದು ವರ್ಷ, ಒಂದು ಕಾಲು ಮಡಚುವುದಿಲ್ಲ. ಆದರೂ ಅವರನ್ನು ತಡೆಯಲು ನಮ್ಮಿಬ್ಬರಲ್ಲಿ ಯಾರಿಗೂ ಆಗಲಿಲ್ಲ.

ಅವನ ಹೆಂಡತಿ ಅನಸೂಯ ಹಜಾರದಲ್ಲಿ ಹಾಸಿಗೆ ಹಾಕಿದ್ದಾಳೆ. ಒಂದೇ ದಿನ. ನಾಳೆ ಹೊರಡುತ್ತೇನೆ.

೨೭ ಅಕ್ಟೋಬರ್

ಹೊರಡಲಿಲ್ಲ.

ಬೆಳಿಗ್ಗೆ ಮೆಕ್ಯಾನಿಕ್ ಬಂದ. ಹೆಸರು ವೈಜನಾಥ, ಬೀದರದವನು, ಕಡ್ಡಿಯಂಥ ಆಳು. ದಿನಾ ಇಲ್ಲೇ ತಿಂಡಿ ತಿನ್ನುತ್ತಾನಂತೆ. ಮುಂಭಾಗವನ್ನು ಕೈಯಿಂದ ಒತ್ತಿ ಬಿಟ್ಟು ನೋಡಿದ, “ಶಾಕಬ್ಸರ್ ಹೊಸಾವ ಅವರಿ, ಚಲೋ ಅವ” ಅಂದ. ಜ್ಯಾಕಿನಿಂದ ಗಾಡಿ ಎತ್ತಿ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದ. ಸ್ವಲ್ಪ ಆಡುತ್ತಿತ್ತು. ನನಗೆ ಬ್ರೇಕ್ ಒತ್ತಲು ಹೇಳಿದ. ಆಡುವುದು ನಿಲ್ಲಲಿಲ್ಲ. “ಬೇರಿಂಗ್ ಅಲ್ರಿ. ಬೇರಿಂಗ್ ಆಗಿದ್ರ ಬ್ರೇಕ್ ಹಿಡಿದಾಗ ನಿಂದರತಿತ್ತು. ಒಳಗ ಬ್ಯಾರೆ ಏನೋ ಅದ.”

“ಏನು?”

“ಹಿಂಗ ನಿಂತ ಗಾಡಿ ಹೇಳಂಗಿಲ್ರಿ. ಎತ್ತಿದಾಗ ಸ್ಪ್ರಿಂಗ್ ಎಲ್ಲಾ ಬಿಗೀ ಹಿಡದಿರತದ. ಭಾರ ಹೊತ್ತು ಓಡುವಾಗ ಕೇಳಬೇಕು. ನಾ ಕುಂತ್ರ ಸದ್ದ ಬರಂಗಿಲ್ಲ, ಮೈಯಾಗ ಏನೂ ಇಲ್ಲ. ಇವರು ಕುಂದರಲಿ,” ಎಂದು ಪಕ್ಕದಲ್ಲಿ ನಿಂತಿದ್ದ ಅತ್ತೆಯ ಮಗನನ್ನು ತೋರಿಸಿದ. “ನೀವು ನಡಸ್ರಿ. ಹಿಂದ ಯಾರೂ ಕುಂದರಬಾರದು. ನೀವೇನು ಮಾಡಿದ್ರಿ, ಅವರೇನು ಕೇಳಿದ್ರು, ಇಬ್ಬರೂ ಮಾತಾಡಿ ತಾಳೆ ಹಾಕ್ಕೊಂಡು ಬಂದು ನನಗ ಹೇಳ್ರಿ.”

ಅತ್ತೆ ಒಳಗಿನಿಂದ ಕೀಲಿ ಕಳಿಸಿಕೊಟ್ಟರು.

ನಾವು ಹೊರಟೆವು. ಅವನು ಕೂತಾಗ ಕಾರು ಅತ್ತೆ ಕೂತಾಗಿನಷ್ಟೇ ವಾಲಿತು. ದಂಡು ಪ್ರದೇಶದ ರಸ್ತೆ ಹಿಡಿದೆ. ಖಟಕ್ ಎಂದಾಗ ಅವನು ಡ್ಯಾಶ್‌ಬೋರ್ಡಿನ ಮೇಲೆ ಬೆರಳಿನಿಂದ ಒಂದು ಸಲ ಬಡಿಯುವುದು, ನಾನು ತಲೆ ಆಡಿಸುವುದು. ಹೀಗೆ ಎರಡು ಮೈಲು. ಇದರಿಂದ ಯಾರಿಗೂ ಏನೂ ತಿಳಿಯಲಿಲ್ಲ.

ಪನಚಕ್ಕಿಯ ಹತ್ತಿರ ಗಲ್ಲಿಯಿಂದ ಒಂದು ಟಾಂಗಾ ನೇರ ನುಗ್ಗಿತು.

“ಭಾವಾ, ಬ್ರೇಕ್!”

ಪೂರ್ತಿ ಒತ್ತಿದೆ. ಕುದುರೆಯ ಮೂತಿಯಿಂದ ಒಂದು ಮೊಳ ದೂರದಲ್ಲಿ ಕಾರು ನಿಂತಿತು. ಅದೇ ಗಳಿಗೆಗೆ ಕೆಳಗಿನಿಂದ ಇದುವರೆಗೆ ಕೇಳದಷ್ಟು ಜೋರಾಗಿ ‘ಖಟಾಕ್!’

“ಬಂತು!” ಎಂದೆವು ಇಬ್ಬರೂ ಒಟ್ಟಿಗೆ.

“ಹೊಂಡವೇ ಇಲ್ಲ ಭಾವ ಇಲ್ಲಿ! ಬ್ರೇಕಿಗೆ ಬಂತು! ನನ್ನ ಹಿಮ್ಮಡಿಯ ಕೆಳಗೇ!”

“ನನಗೆ ಸ್ಟೇರಿಂಗಿಗೆ ಒದ್ದ ಹಾಗಾಯ್ತು!”

“ಹಿಂದಕ್ಕೆ ತಗೊಂಡು ಮತ್ತೊಮ್ಮೆ ಒತ್ತಿ ನೋಡಿ!”

ಟಾಂಗಾದವನು ಕುದುರೆಯನ್ನು ಸಮಾಧಾನ ಮಾಡುತ್ತ, ನಾವು ಕ್ಷಮೆ ಕೇಳುತ್ತೇವೆಂದು ಕಾಯುತ್ತಿದ್ದ. ನಾವು ಅವನ ಮುಂದೆಯೇ ಹಿಂದಕ್ಕೆ ಹೋಗಿ ಮತ್ತೆ ಮುಂದೆ ಬಂದು ನಾಲ್ಕು ಸಲ ಬ್ರೇಕ್ ಹಾಕಿದೆವು. “ಪಾಗಲ್ ಹೋ ಗಯೇ ಕ್ಯಾ ಮಿಯಾಂ?” ಎಂದ. ಸುಧಾಕರ ನಕ್ಕ. ನಾನು ನಗಲಿಲ್ಲ. ಸ್ವಲ್ಪ ನಕ್ಕಿರಬಹುದು.

ಕಾರಿನ ವಿಷಯವಾದ್ದರಿಂದ ಮಾತಾಡಿದ್ದು. ಅದು ಲೆಕ್ಕಕ್ಕಿಲ್ಲ.

೨೮ ಅಕ್ಟೋಬರ್

ಇವತ್ತು ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ, ಮತ್ತೆ ಮೂರರಿಂದ ಆರರವರೆಗೆ ಓಡಿಸಿದೆವು. ದಿಲ್ಲಿ ದರ್ವಾಜಾದ ಆಚೆ ಬಹಳ ಒಳ್ಳೆಯ ಹೊಂಡಗಳಿವೆ. ನಾಸಿಕಿನಲ್ಲಿ ಅಂಥವು ಇಲ್ಲ. ಸುಧಾಕರ ಬಾಗಿಲು ಅರ್ಧ ತೆಗೆದು, ಒಂದು ಕೈಯಲ್ಲಿ ಕಂಬಿ ಹಿಡಿದು, ಹೊರಕ್ಕೆ ಬಾಗಿ ಚಕ್ರವನ್ನು ನೋಡುತ್ತಿದ್ದ. “ಬೀಳ್ತಿ ಮಾರಾಯ, ಒಳಗೆ ಬಾ” ಎಂದು ಅವನ ಅಂಗಿ ಹಿಡಿದುಕೊಂಡೇ ನಾನು ಒಂದು ಕೈಯಲ್ಲಿ ಓಡಿಸಿದೆ.

ಕೊನೆಗೆ ಒಂದು ದೊಡ್ಡ ಸಂಗತಿ ಕಂಡುಹಿಡಿದೆವು. ಸದ್ದು ಒಂದಲ್ಲ, ಎರಡು! ಚಕ್ರ ಓರೆಯಾಗಿ ಏರಿದಾಗ ಬರುವುದು ‘ಡುಬ್’, ಮೆತ್ತಗಿನದು. ಬ್ರೇಕಿಗೆ, ಹೊಂಡಕ್ಕೆ ಬರುವುದು ‘ಖಟಕ್’, ಕಬ್ಬಿಣಕ್ಕೆ ಕಬ್ಬಿಣ ತಾಗಿದ್ದು. ಇಷ್ಟು ದಿನ ಒಂದರ ಮರೆಯಲ್ಲಿ ಇನ್ನೊಂದು ಅಡಗಿತ್ತು. ವೈಜನಾಥನಿಗೆ ಹೇಳಿದೆವು. ಇಬ್ಬರೂ ಒಟ್ಟಿಗೆ ಹೇಳಲು ಹೋಗಿ ಅವನು, “ಒಬ್ಬೊಬ್ಬರ ಹೇಳ್ರೀ ಸಾವ್ಕಾರ್ರೆ” ಎಂದು ಕೈ ಮುಗಿದ.

ಡುಬ್ ಸಿಕ್ಕಿತು. ಎರಡೂ ಚಕ್ರಗಳಿಗೆ ಅಡ್ಡಲಾಗಿ ಇರುವ ಉದ್ದನೆಯ ಸರಳನ್ನು ಹಿಡಿದಿಡುವ ರಬ್ಬರು ಸವೆದು ಪುಡಿಯಾಗಿತ್ತು. ಹೊಸದು ಹಾಕಿದ. ಖಟಕ್ ಉಳಿದಿದೆ.

ಮಧ್ಯಾಹ್ನ ಸುಧಾಕರನ ಹೋಟೆಲಿನಲ್ಲೇ ಊಟ. ಗಿರಾಕಿಗಳಿಗೆ ಎರಡು ಬಗೆಯ ಸಾಂಬಾರು ಇಡುತ್ತಾನೆ. ಹಲಗೆಯ ಮೇಲೆ ಮರಾಠಿಯಲ್ಲಿ ಒಂದಕ್ಕೆ ‘ಗೋಡ್’, ಅಂದರೆ ಸಿಹಿ, ಇನ್ನೊಂದಕ್ಕೆ ‘ನಾಸಿಕ್’ ಎಂದು ಬರೆದಿದೆ. ನಾಸಿಕ್ ಎಂದರೇನೆಂದು ಕೇಳಲಿಲ್ಲ. ಬಡಿಸಿಕೊಂಡು ತಿಂದೆ. ನನ್ನದೇ ಸಾಂಬಾರು. ಮೆಂತೆ ಹುರಿಯುವ ಹದವೂ ನನ್ನದೇ.

“ಉಪ್ಪು ಒಂದು ಚೂರು ಕಡಿಮೆ,” ಎಂದೆ.

“ನೀವು ಯಾವಾಗಲೂ ಹಾಗೇ ಹೇಳುದು ಭಾವ,” ಎಂದು ಇನ್ನೊಂದು ಸೌಟು ಹಾಕಿದ.

ಎರಡು ಸಲ ಹಾಕಿಸಿಕೊಂಡೆ. ಓಡಾಟದಿಂದ ಹಸಿವು ಜಾಸ್ತಿ.

೩೦ ಅಕ್ಟೋಬರ್

ವೈಜನಾಥ ಇವತ್ತು ಜ್ಯಾಕನ್ನು ಬೇರೆ ಕಡೆ, ಚಕ್ರವನ್ನು ಹೊತ್ತ ಕೆಳಗಿನ ತೋಳಿನ ಅಡಿಗೇ ಇಟ್ಟ. ಸ್ಪ್ರಿಂಗಿನ ಬಿಗಿ ತಪ್ಪಿತು. ಸಂದಿಗೆ ಹಾರೆ ಹಾಕಿ ಮೀಟಿದಾಗ ನನ್ನ ಕಣ್ಣಿಗೇ ಕಂಡಿತು: ತೋಳು ಮತ್ತು ಚಕ್ರ ಸೇರುವ ಕಡೆ ಇರುವ ಪಿನ್ನು ಬಾಯಿ ತೆರೆದು ಮುಚ್ಚಿದ ಹಾಗೆ ಆಡುತ್ತಿತ್ತು. ಖಟಕ್, ಖಟಕ್. ಸುಧಾಕರ ನನ್ನ ಬೆನ್ನು ತಟ್ಟಿದ. ನಾನೂ ಅವನದ್ದು ತಟ್ಟಿದೆ. ವೈಜನಾಥ ನಮ್ಮನ್ನು ನೋಡಿ, “ಮಗ ಪಾಸಾದಂಗ ಮಾಡಾಕ ಹತ್ತೀರಲ್ರಿ” ಎಂದು ನಕ್ಕ.

ಪಿನ್ನು ಮುಂಬಯಿಯಿಂದ ಬರಬೇಕು. ಎರಡು ವಾರ. ಅಲ್ಲಿಯವರೆಗೆ ಕಾರು ಇಲ್ಲೇ. ನಾನು ಬಸ್ಸಿನಲ್ಲಿ ಹೊರಟೆ. ನಾನು ಬೇಡವೆಂದರೂ ಸುಧಾಕರ ಬಸ್ ಸ್ಟ್ಯಾಂಡಿಗೆ ಬಂದ. ಬಸ್ಸಿನ ಮುಂದಿನ ಚಕ್ರದ ಸದ್ದು ಕೇಳಿ ನಾವಿಬ್ಬರೂ ಒಂದೇ ಸಲ ಮುಖ ನೋಡಿಕೊಂಡೆವು.

ನಾಸಿಕ್, ೫ ನವೆಂಬರ್

ಸುಧಾಕರನ ಕಾರ್ಡು ಬಂದಿದೆ. “ಬಲಗಡೆಯ ಪಿನ್ನನ್ನೂ ಮೀಟಿ ನೋಡಿದೆವು. ಅದು ಗಟ್ಟಿ ಇದೆ.” ಅಷ್ಟೇ. ತಾಂತ್ರಿಕ ವಿಷಯವಾದ್ದರಿಂದ ಉತ್ತರ ಬರೆದೆ.

೯ ನವೆಂಬರ್, ದೀಪಾವಳಿ

ಹೋಟೆಲು ತುಂಬಿ ತುಳುಕಿತು. ನಿನ್ನೆಯ ಅಂಚೆಗೆ ಸುಧಾಕರನಿಂದ ಎರಡು ಕಾರ್ಡು. ಒಂದರಲ್ಲಿ ಪಿನ್ನಿನ ಚಿತ್ರ ಬರೆದು ಎಲ್ಲಿ ಸವೆದಿರಬಹುದೆಂದು ಬಾಣದ ಗುರುತು ಹಾಕಿದ್ದಾನೆ. ಇನ್ನೊಂದರಲ್ಲಿ ಅದರದೇ ಮುಂದುವರಿಕೆ. ಕೊನೆಗೆ, ಅಮ್ಮ ಕೋಲಿಲ್ಲದೆ ಅಂಗಳದವರೆಗೆ ನಡೆದರು ಎಂದು ಎರಡು ಸಾಲು. ಜಲಜಾಕ್ಷಿ ಮೂರು ಸಲ ಓದಿಸಿಕೊಂಡಳು. ಪಿನ್ನಿನ ವಿಷಯದಲ್ಲಿ ಅವಳಿಗೆ ಇಷ್ಟು ಆಸಕ್ತಿ ಇದೆಯೆಂದು ಗೊತ್ತಿರಲಿಲ್ಲ.

ನನ್ನ ಉತ್ತರ ಕಾರ್ಡಿನಲ್ಲಿ ಹಿಡಿಸಲಿಲ್ಲ. ಇನ್‌ಲ್ಯಾಂಡ್ ಕಾಗದ ತರಿಸಿದೆ.

ಔರಂಗಾಬಾದ್, ೧೬ ನವೆಂಬರ್, ಭಾನುವಾರ

ಪಿನ್ನು ಬಂದಿದೆಯೆಂದು ತಂತಿ ಬಂದಿತ್ತು. ಬೆಳಗಿನ ಬಸ್ಸಿಗೆ ಬಂದೆ.

ವೈಜನಾಥನ ಗ್ಯಾರೇಜಿನ ಬೇವಿನ ಮರದ ಕೆಳಗೆ ಮೂವರೂ ಕೂತು ಎಡಭಾಗವನ್ನು ಬಿಚ್ಚಿದೆವು. ಹಳೆಯ ಪಿನ್ನು ಹೊರಬಂತು. ನನ್ನ ಹೆಬ್ಬೆರಳಿನಷ್ಟು ದಪ್ಪ ಇರಬೇಕಾದದ್ದು ನಡುವೆ ಕಿರುಬೆರಳಿಗಿಂತ ಸಣ್ಣಗಾಗಿತ್ತು. “ಇನ್ನೊಂದ ನೂರು ಮೈಲು ಹೋಗಿದ್ರ ಚಕ್ರ ಕಿತ್ತು ಬರತಿತ್ರಿ,” ಎಂದ ವೈಜನಾಥ. ಆ ಚಕ್ರದ ಮೇಲೆಯೇ ನಾನು ಅತ್ತೆಯನ್ನು ಕೂರಿಸಿಕೊಂಡು ಬಂದದ್ದು. ಅಲ್ಲೇ ಟೈರಿನ ಮೇಲೆ ಕೂತೆ.

ಅವನು ಪಿನ್ನಿನ ಬಾಯಿಯನ್ನು ಉಗುರಿನಿಂದ ಕೆರೆದ. ಗ್ರೀಸ್ ಹಾಕುವ ಸಣ್ಣ ತೂತಿಗೆ ಮಣ್ಣು ತುಂಬಿ ಕಲ್ಲಾಗಿತ್ತು. “ಒಳಗ ಒಂದ ಹನಿ ಗ್ರೀಸ್ ಇಲ್ರಿ. ಎಷ್ಟ ವರ್ಷ ಆತು ಹಾಕಿ?”

ಮೂರು ವರ್ಷ. ನನಗೆ ತಕ್ಷಣ ಗೊತ್ತಾಯಿತು. ಪ್ರತಿ ತಿಂಗಳ ಮೊದಲ ಸೋಮವಾರ ಕಾರಿನ ಕೆಳಗೆ ಮಲಗಿ ಗ್ರೀಸ್ ಹೊಡೆಯುತ್ತಿದ್ದದ್ದು ಸುಧಾಕರ. ಅವನು ಹೋದ ಮೇಲೆ ಅಂಥದೊಂದು ಕೆಲಸ ಇದೆಯೆಂಬುದೇ ನನಗೆ ನೆನಪಾಗಲಿಲ್ಲ.

ವೈಜನಾಥ ಪಿನ್ನಿನ ಸುತ್ತ ಬರುವ ಹೊಸ ಬುಶ್ಶು ಕೂರಿಸಲು ಒಳಗೆ ಹೋದ. ನಾವಿಬ್ಬರೇ ಉಳಿದೆವು. ಸುಧಾಕರ ಹಳೆಯ ಪಿನ್ನನ್ನು ಬಟ್ಟೆಯಲ್ಲಿ ಒರೆಸುತ್ತಿದ್ದ.

“ಹೋಗುವಾಗ ನಾನು ಹೇಳಿ ಹೋಗ್ಬೇಕಿತ್ತು ಭಾವ, ಇದಕ್ಕೆ ಗ್ರೀಸ್ ಬೇಕು ಅಂತ.”

“ನಾನು ಒಂದು ದಿನ ಬಗ್ಗಿ ನೋಡ್ಬೇಕಿತ್ತು.”

“ಸಿಟ್ಟಿನಲ್ಲಿ ಮರೆತುಹೋಯ್ತು.”

“ಆ ಪಾತ್ರೆ,” ಎಂದೆ. ಸುಧಾಕರ ಒರೆಸುವುದನ್ನು ನಿಲ್ಲಿಸಿದ. “ಆ ಪಾತ್ರೆಯನ್ನು ನಾನು ಚೆಲ್ಲಬಾರದಿತ್ತು. ಎಲ್ಲರ ಮುಂದೆ.”

ಅವನು ಪಿನ್ನನ್ನು ಬಟ್ಟೆಯಲ್ಲಿ ಸುತ್ತಿ ಕೆಳಗಿಟ್ಟ. ಆಮೇಲೆ, “ಬೆಲ್ಲ ಸ್ವಲ್ಪ ಹೆಚ್ಚೇ ಆಗಿತ್ತು ಭಾವ,” ಎಂದ.

ಕಣ್ಣಿಗೆ ಸೀಮೆಎಣ್ಣೆ ತಾಗಿತ್ತು, ಇಬ್ಬರಿಗೂ. ಬಿಚ್ಚಿದ ಭಾಗಗಳನ್ನೆಲ್ಲ ಅದರಲ್ಲೇ ತೊಳೆದಿದ್ದೆವು.

ಸಂಜೆ ಗಾಡಿ ಜೋಡಿಸಿ, ಅತ್ತೆಯನ್ನು ಮುಂದೆ ಕೂರಿಸಿ, ಸುಧಾಕರನನ್ನು ಹಿಂದೆ ಕೂರಿಸಿ, ದಿಲ್ಲಿ ದರ್ವಾಜಾದ ಅತ್ಯುತ್ತಮ ಹೊಂಡಕ್ಕೆ ಇಳಿಸಿದೆ. ಏನೂ ಇಲ್ಲ. ಬ್ರೇಕ್ ಹಾಕಿದೆ. ಏನೂ ಇಲ್ಲ. ಹತ್ತಿಯ ಮೇಲೆ ಇಳಿದ ಹಾಗೆ. ಅತ್ತೆ ಕಿವಿಯ ಮೇಲಿನ ಸೆರಗು ಸರಿಸಿ ಕೇಳಿ, “ಗಾಡಿ ಸತ್ತುಹೋಯ್ತಾ?” ಎಂದರು. ನಾವು ಮೂವರೂ ನಕ್ಕ ನಗೆಗೆ ದರ್ವಾಜಾದ ಪಾರಿವಾಳಗಳೆಲ್ಲ ಎದ್ದವು.

ನಾಸಿಕ್, ೧೮ ನವೆಂಬರ್

ಒಬ್ಬನೇ ಓಡಿಸಿಕೊಂಡು ಬಂದೆ. ನೂರಿಪ್ಪತ್ತು ಮೈಲು, ಒಂದು ಸದ್ದಿಲ್ಲ. ನಿಫಾಡಿನಲ್ಲಿ ಚಹಾಕ್ಕೆ ನಿಲ್ಲಿಸಿದೆ. ಪಕ್ಕದ ಸೀಟು ಬಹಳ ಅಗಲವಾಗಿ ಕಂಡಿತು.

ಸುಧಾಕರನಿಗೆ ಕಾರ್ಡು ಬರೆಯಲು ಕೂತೆ. ಬರೆಯುವಂಥ ವಿಷಯ ಇರಲಿಲ್ಲ.

೧ ಡಿಸೆಂಬರ್, ಸೋಮವಾರ

ಗ್ರೀಸ್ ಹೊಡೆದೆ. ಮೊದಲ ಸಲ. ಅರ್ಧ ಪಿನ್ನಿಗೆ ಹೋಯಿತು, ಅರ್ಧ ನನ್ನ ತಲೆಗೆ.

೧೩ ಡಿಸೆಂಬರ್

ಸದ್ದಿಲ್ಲ.

೨೬ ಡಿಸೆಂಬರ್

ಸದ್ದಿಲ್ಲ. ಚಳಿ. ಊಟ ಸೇರುತ್ತಿಲ್ಲ. ಡಾಕ್ಟರು ರಕ್ತದೊತ್ತಡ ನೋಡಿ ಬಹಳ ಚೆನ್ನಾಗಿದೆ ಅಂದರು. ಮತ್ತೇಕೆ ಬೇಜಾರು ಎಂದು ಅವರನ್ನೇ ಕೇಳಿದೆ. ಅವರಿಗೆ ಗೊತ್ತಿಲ್ಲ.

೭ ಜನವರಿ ೧೯೭೦

ಇವತ್ತು ಓಝರಿನಿಂದ ಬರುವಾಗ ಹಿಂದಿನಿಂದ ಏನೋ ಕೇಳಿಸಿದ ಹಾಗಾಯಿತು. ‘ಕಿರ್’ ಎಂದೋ ‘ಕಿರಿಕ್’ ಎಂದೋ. ಜಲಜಾಕ್ಷಿ ಪಕ್ಕದಲ್ಲೇ ಇದ್ದಳು, ಏನೂ ಇಲ್ಲ ಅಂದಳು. ಅವಳ ಕಿವಿಯನ್ನು ನಂಬುವ ಹಾಗಿಲ್ಲ. ಇಂಥದನ್ನು ಬಿಡಬಾರದು. ಒಮ್ಮೆ ಬಿಟ್ಟು ಏನಾಯಿತೆಂದು ನೋಡಿದ್ದೇವೆ. ಸುಧಾಕರನಿಗೆ ತಂತಿ ಕೊಟ್ಟೆ: “ಹಿಂದೆ ಹೊಸ ಸದ್ದು. ಭಾನುವಾರ ಬರುತ್ತೇನೆ.”

ಸಂಜೆಯೊಳಗೇ ಉತ್ತರ: “ಬನ್ನಿ. ಊಟ ಇಲ್ಲೇ.”

ಜಲಜಾಕ್ಷಿ ತಾನೂ ಬರುತ್ತಾಳಂತೆ. ಕಾರು ಕೆಟ್ಟಿರುವಾಗ ಯಾಕೆ ಎಂದೆ. “ಕೆಟ್ಟಿರುವಾಗಲೇ ಬರುದು,” ಎಂದು ಸೀರೆ ಮಡಚಲು ಹೋದಳು.

ಔರಂಗಾಬಾದ್, ೧೧ ಜನವರಿ, ಭಾನುವಾರ

ಹತ್ತೂವರೆಗೆ ಬಂದು ಮುಟ್ಟಿದೆವು. ಅಕ್ಕ ತಮ್ಮ ಮೂರು ವರ್ಷದ ಮೇಲೆ ಒಬ್ಬರನ್ನೊಬ್ಬರು ನೋಡಿದ್ದು. ಜಲಜಾಕ್ಷಿ ಅವನ ಕೆನ್ನೆ ಹಿಡಿದು, “ಎಷ್ಟು ದಪ್ಪ ಆಗಿದ್ದೀಯೋ” ಎಂದು ಅಳಲು ಶುರು ಮಾಡಿದಳು. ಅತ್ತೆ ಅಂಗಳದಲ್ಲಿ ಕೋಲಿಲ್ಲದೆ ನಿಂತು, “ಅಳುದೆಂತಕ್ಕೆ, ಇನ್ನೂ ತಿಂಡಿಯಾಗ್ಲಿಲ್ಲ” ಎಂದರು.

ವೈಜನಾಥ ಇಡ್ಲಿ ಮುಗಿಸಿ ಕೈ ತೊಳೆದು ಬಂದ. “ಎಲ್ಲಿಂದ್ರಿ ಸದ್ದು? ನಾ ಒಂದ ಸುತ್ತು ನೋಡ್ಲಿ?”

“ಬೇಡ ಬೇಡ,” ಎಂದ ಸುಧಾಕರ, ಆಗಲೇ ಎಡಗಡೆಯ ಬಾಗಿಲು ತೆಗೆದು ಕೂರುತ್ತ. “ಇದು ಸೂಕ್ಷ್ಮದ್ದು. ನಾವೇ ನೋಡ್ತೇವೆ.”

ವೈಜನಾಥ ಅವನನ್ನು ನೋಡಿದ, ನನ್ನನ್ನು ನೋಡಿದ, “ಹೌದ್ರಿ, ಇದು ನನಗ ಸಿಗೂದಲ್ಲ” ಎಂದು ನಗುತ್ತ ಹೋದ.

ಊರು ದಾಟಿ ದೌಲತಾಬಾದಿನ ರಸ್ತೆ ಹಿಡಿದೆವು. ಚಳಿಗಾಲದ ಬಿಸಿಲು, ಎರಡೂ ಕಡೆ ಜೋಳ. ಸುಧಾಕರ ಹಿಂದಿನ ಸೀಟಿನ ಕಡೆಗೆ ಕಿವಿ ತಿರುಗಿಸಿ ಗಂಭೀರವಾಗಿ ಕೂತಿದ್ದ. ಕೋಟೆಯ ಹತ್ತಿರ ಪೇರಲೆ ಹಣ್ಣು ಕೊಂಡೆವು. ಅಗಿಯುವ ಸದ್ದಿನಲ್ಲಿ ಕೇಳಿಸುವುದಿಲ್ಲವೆಂದು ತಿಂದು ಮುಗಿಸುವವರೆಗೆ ನಿಲ್ಲಿಸಿಯೇ ಇದ್ದೆವು. ಅವನ ಹೋಟೆಲಿನ ಹೊಸ ಒಲೆಯ ವಿಷಯ ಬಂತು, ನನ್ನ ಇಡ್ಲಿ ಹಿಟ್ಟು ಚಳಿಗೆ ಹುದುಗದ ವಿಷಯ ಬಂತು. ಖುಲ್ದಾಬಾದಿನ ಘಾಟಿ ಹತ್ತಿ, ವೇರೂಳದ ಗುಹೆಗಳಿಗೆ ಇಳಿದೆವು. ಅಲ್ಲಿ ಮರದ ನೆರಳಿಗೆ ಕಾರು ನಿಲ್ಲಿಸಿದೆ. ಇಪ್ಪತ್ತು ಮೈಲು ಬಂದಿದ್ದೆವು. ಗಾಡಿ ಹೂವಿನ ಹಾಗೆ ಓಡಿತ್ತು.

ಇನ್ನು ತಿರುಗಿಸಬೇಕು ಎಂದುಕೊಂಡೆ. ಊಟಕ್ಕೆ ಕಾಯುತ್ತಿರುತ್ತಾರೆ. ಕೇಳಲು ಧೈರ್ಯ ಸಾಲದಿದ್ದರೂ ಕೊನೆಗೆ ಕೇಳಿದೆ, “ಏನಾದ್ರೂ ಕೇಳಿಸಿತಾ?”

ಸುಧಾಕರ ಕಿಟಕಿಯಿಂದ ಹೊರಗೆ ನೋಡಿದ. ರಸ್ತೆಯಂಚಿನ ಕಲ್ಲಿನ ಮೇಲೆ ಮುಂದಿನ ಊರಿನ ಹೆಸರಿತ್ತು. ಊರಿನ ಹೆಸರೇ ‘ಕನ್ನಡ’. ಇಲ್ಲಿಂದ ಹದಿನೆಂಟು ಮೈಲು.

“ಉಂಟು ಭಾವ, ಸದ್ದು ಉಂಟು,” ಎಂದ, ಬಹಳ ಗಂಭೀರವಾಗಿ. “ಆದ್ರೆ ಇಷ್ಟು ಒಳ್ಳೆ ರಸ್ತೆಯಲ್ಲಿ ಅದು ಸಿಗುದಿಲ್ಲ. ಆ ಕನ್ನಡದವರೆಗೆ ಹೋಗಿ ನೋಡುವ.”

ನನಗೆ ದಾರಿಯುದ್ದಕ್ಕೂ ಏನೂ ಕೇಳಿಸಿರಲಿಲ್ಲ. ಆದರೆ ಇಂಥ ವಿಷಯದಲ್ಲಿ ಅವನ ಕಿವಿ ನನ್ನದಕ್ಕಿಂತ ಚುರುಕು. ಹೌದು, ನನಗೂ ಹಾಗೇ ಅನ್ನಿಸಿತು ಎಂದೆ. ಗೇರು ಹಾಕಿ, ಕನ್ನಡದ ಕಡೆಗೆ ಬಿಟ್ಟೆ.